ಬಡ್ಡಿಇನ್ಫೋನಾ, ಎಕ್ಸ್‌ಟ್‌ಫ್ರಾಗ್ ಇಂಡೆಕ್ಸಾ?

ಮೆಜೆಸ್ಟಿಕ್‌ನಿಂದ ಬನಶಂಕರಿಗೆ ಹೊರಟ ಬಸ್ಸಿನಲ್ಲಿ ಹತ್ತು ಸೀಟು ಖಾಲಿ ಇರುತ್ತದೆ. ಆದರೆ ಅಮ್ಮ, ಮಗಳು ಒಟ್ಟಿಗೆ ಕೂರಲು ಒಂದು ಜೋಡಿ ಸೀಟಿಲ್ಲ. ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ಮೆಮೊರಿ ಚೂರಾಗುವುದು ಹೀಗೇ ಅಲ್ವಾ? ಆ ಚೂರುಗಳನ್ನು ತೋರಿಸುವ ಎರಡು ಫೈಲ್‌ಗಳೇ ಬಡ್ಡಿಇನ್ಫೋ (buddyinfo), ಎಕ್ಸ್‌ಟ್‌ಫ್ರಾಗ್ ಇಂಡೆಕ್ಸ್ (extfrag_index).

ಬಡ್ಡಿಇನ್ಫೋ ಪ್ರಾಕ್ (/proc) ಫೋಲ್ಡರ್‌ನಲ್ಲೇ ಸಿಗುತ್ತದೆ, ರೂಟ್ (ಅಡ್ಮಿನ್ ಅಧಿಕಾರ) ಬೇಕಿಲ್ಲ. ಪ್ರತಿ ಜೋನ್‌ಗೆ, ಅಂದರೆ ಮೆಮೊರಿಯ ಪ್ರತಿ ವಿಭಾಗಕ್ಕೆ, ಒಂದು ಸಾಲು. ಪುಟ, ಅಂದರೆ ಕರ್ನಲ್ ಹಂಚುವ ಮೆಮೊರಿಯ ಮೂಲ ತುಂಡು, 4 ಕೆಬಿ ಇರುವ ಮಷೀನಿನಲ್ಲಿ ಮೊದಲ ಅಂಕಿ 4 ಕೆಬಿಯ ಖಾಲಿ ತುಂಡುಗಳದ್ದು, ಮುಂದಿನದು 8ರದ್ದು, ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಒಂದು ಸಾಲು ಹೀಗಿದೆ ಅಂದುಕೊಳ್ಳಿ: 4096, 1200, 300, 40, 5, ಆಮೇಲೆ ಬರೀ ಸೊನ್ನೆ. ಕೂಡಿಸಿದರೆ 31 ಎಂಬಿಗಿಂತ ಜಾಸ್ತಿ ಖಾಲಿ. ಆದರೂ 2 ಎಂಬಿಯ ಒಂದು ಹ್ಯೂಜ್ ಪೇಜ್ (ಒಂದೇ ತುಂಡಾಗಿ ಬೇಕಾದ ದೊಡ್ಡ ಪುಟ) ಹುಟ್ಟುವುದಿಲ್ಲ. ಲೆಕ್ಕ ಮಾತ್ರ ನೀವೇ ಹಾಕಬೇಕು.

ಎಕ್ಸ್‌ಟ್‌ಫ್ರಾಗ್ ಇಂಡೆಕ್ಸ್ ಕಾರಣವನ್ನೇ ಹೇಳುತ್ತದೆ. ಮೈನಸ್ 1 ಬಂದರೆ ಆ ಅಳತೆಯ ತುಂಡು ಸಿಗುತ್ತದೆ. 0ರ ಹತ್ತಿರವಿದ್ದರೆ ಮೆಮೊರಿಯೇ ಸಾಲದು. 1ರ ಹತ್ತಿರವಿದ್ದರೆ ಮೆಮೊರಿ ಇದೆ, ಚೂರಾಗಿದೆ. ಮೇಲಿನ ಸಾಲಿಗೆ 2 ಎಂಬಿ ಕೇಳಿದರೆ 0.99 ದಾಟುತ್ತದೆ. ಜೋನನ್ನು ಕಂಪ್ಯಾಕ್ಟ್ ಮಾಡಬೇಕಾ (ಖಾಲಿ ಚೂರುಗಳನ್ನು ಒಟ್ಟುಗೂಡಿಸಬೇಕಾ) ಅಂತ ತೀರ್ಮಾನಿಸಲು ಕರ್ನಲ್ ಕೂಡ ಇದೇ ಅಂಕಿ ನೋಡುತ್ತದೆ. ಡಿಫಾಲ್ಟ್ ಗೆರೆ 500, ಅಂದರೆ 0.5. ಕಿರಿಕಿರಿ ಅಂದರೆ, ಡೀಬಗ್‌ಎಫ್‌ಎಸ್ (ಕರ್ನಲ್‌ನ ಡೀಬಗ್ ಮಾಹಿತಿ ತೋರಿಸುವ ಫೈಲ್ ಸಿಸ್ಟಮ್) ಮೌಂಟ್ ಆಗಿರಬೇಕು, ರೂಟೂ ಬೇಕು. ಗ್ರಾಹಕರ ಸರ್ವರ್‌ನಲ್ಲಿ ಅದನ್ನು ಕೇಳುವಷ್ಟರಲ್ಲಿ ಎರಡು ಕಾಫಿ ಮುಗಿದಿರುತ್ತದೆ!

ದಿನವಿಡೀ ಗ್ರಾಫ್ ಹಾಕಲು ನಾನು ಬಡ್ಡಿಇನ್ಫೋ ಆರಿಸುತ್ತೇನೆ. ಕೇಳಿದ ಮೆಮೊರಿ ಸಿಗದೆ ಅಲೊಕೇಶನ್ ಫೇಲ್ ಆಯ್ತು, ರ‍್ಯಾಮ್ ಹಾಕಿಸಬೇಕಾ ಬೇಡ್ವಾ ಅಂತ ಜಗಳ ಬಿದ್ದಾಗ ಇಂಡೆಕ್ಸ್ ತೆಗೆಯಿರಿ.