"ಆಮೇಲೆ ರ‍್ಯಾಮ್ ಹಾಕಿಸ್ಕೊಳ್ಳಿ" ಅಂದರೆ ನಂಬಬೇಡಿ! ಲ್ಯಾಪ್‌ಟಾಪ್ ಕೊಳ್ಳೋ ಮುಂಬೈ ಕನ್ನಡಿಗರು ಓದಿ

ಮುಂಬೈ, ಠಾಣೆ, ಡೊಂಬಿವಲಿ ಕಡೆ ಇರೋ ನಮ್ಮವರಿಗೆ ಹೇಳ್ತಿದ್ದೀನಿ. ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸೋರಿದ್ದರೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ. ಈಗ 8 ಜಿಬಿ ತಗೊಳ್ಳಿ, ಆಮೇಲೆ ರ‍್ಯಾಮ್ ಹಾಕಿಸಿದರಾಯ್ತು ಅಂತ ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. ರ‍್ಯಾಮ್, ಅಂದ್ರೆ ಮೆಮೊರಿ ಕಡ್ಡಿ, ಸಿಕ್ಕಿಸೋ ಸ್ಲಾಟ್ ಎಲ್ಲಿದೆ ತೋರಿಸಿ ಅನ್ನಿ.

ನಮ್ಮನೆಯ ಹಳೇ ಲ್ಯಾಪ್‌ಟಾಪ್ ಕೆಟ್ಟಿರಲೇ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು. 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಮೈಕ್ರೋಸಾಫ್ಟ್ ಪಟ್ಟಿಯಲ್ಲಿರಬೇಕು, ನಮ್ಮದು ಇರಲಿಲ್ಲ. ಆ ಮಷೀನಿನ ಹಿಂದಿನ ಮುಚ್ಚಳ ಬಿಚ್ಚಿ 4 ಜಿಬಿ ಇದ್ದದ್ದನ್ನ ನಾನೇ ಕೈಯಾರೆ 8 ಮಾಡಿದ್ದೆ. ಅಂದ್ರೆ ಈ ವಿಷಯದಲ್ಲಿ ನಾನೇನು ಪೂರಾ ದಡ್ಡನಲ್ಲ.

ದೀಪಾವಳಿ ಆಫರಿನಲ್ಲಿ ಮಗನಿಗೆ ಹೊಸದು ತಗೊಂಡೆ. ಅಂಗಡಿಯವರು ನಮ್ಮ ಧಾರವಾಡದ ಕಡೆಯವರೇ. ಪರ ಊರಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಅರ್ಧ ವ್ಯಾಪಾರ ಅಲ್ಲೇ ಕುದುರುತ್ತೆ, ಗೊತ್ತಲ್ಲ. "16 ಜಿಬಿದು ಯಾಕ್ರಿ ಸರ, ಸುಮ್ನ ರೊಕ್ಕ ದಂಡ. ಈಗ 8 ಒಯ್ರಿ. ಮುಂದ ಬೇಕಾದ್ರ ಇನ್ನೊಂದು ಎಂಟರದು ಹಾಕಿಕೊಡ್ತೀನಿ, ಹತ್ತು ನಿಮಿಷದ ಕೆಲಸ." ಖಂಡಿತಾ ಆಗುತ್ತಾ ಅಂತ ಕೇಳಿದೆ. "ಆಗ್ತದರೀ" ಅಂದರು. ಮಗ ಪಕ್ಕದಲ್ಲೇ ನಿಂತಿದ್ದ.

ಅವನ ಕಾಲೇಜಿನ ಡಿಸೈನ್ ಸಾಫ್ಟ್‌ವೇರ್ ತೆರೆದರೆ ಸಾಕು, ಲ್ಯಾಪ್‌ಟಾಪ್ ಏದುಸಿರು ಬಿಡೋಕೆ ಶುರು. ಅಂಗಡಿಯವರು "ಸ್ಟಾಕ್ ಇಲ್ರೀ, ಮುಂದಿನ ವಾರ ಬರ್ರಿ" ಅಂತ ಸಾಗಹಾಕುತ್ತಲೇ ಬಂದರು. ಕೊನೆಗೆ ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು ಕಂಪ್ಯೂಟರ್ ಬಿಡಿಭಾಗಗಳ ಮಾರ್ಕೆಟ್ ಲ್ಯಾಮಿಂಗ್ಟನ್ ರೋಡಿಗೆ ಹೋದ್ವಿ. ಅಲ್ಲಿನ ಹುಡುಗ ಹಿಂದಿನ ಸ್ಕ್ರೂಗಳನ್ನೆಲ್ಲ ತೆಗೆದು ಅಯಸ್ಕಾಂತದ ತಟ್ಟೆಗೆ ಅಂಟಿಸಿದ, ಅಂಚಿನಲ್ಲಿ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಮುಚ್ಚಳ ಎಬ್ಬಿಸಿದ. ಬ್ಯಾಟರಿ, ಫ್ಯಾನ್, ಎಸ್‌ಎಸ್‌ಡಿ ಎಲ್ಲ ಕಾಣ್ತು. ಪ್ರೊಸೆಸರ್ ಪಕ್ಕ ಬೋರ್ಡಿಗೇ ಬೆಸೆದ ಕಪ್ಪು ಚಿಪ್‌ಗಳು. ಅವುಗಳ ಮೇಲೆ ಉಗುರು ಆಡಿಸಿ, "ಸಾಬ್, ಇಸ್ಮೆ ಸ್ಲಾಟ್ ಹೀ ನಹೀ ಹೈ. ಕಿಸ್ನೇ ಬೋಲಾ?" ಅಂತ ನಕ್ಕ. ಕಿಸ್ನೇ ಬೋಲಾ! ಯಾರು ಹೇಳಿದ್ದು ಅಂದರೆ ಏನಂತ ಹೇಳಲಿ? ಮಗ ಮೊಬೈಲ್ ನೋಡೋ ನೆಪ ಮಾಡಿದ. ಸ್ಲಾಟೇ ಇಲ್ಲ ಸ್ವಾಮಿ. ಒಂದಲ್ಲ ಎರಡಲ್ಲ, ಇಲ್ಲವೇ ಇಲ್ಲ.

ಅಂಗಡಿಗೆ ಫೋನ್ ಮಾಡಿದರೆ ರಾಗವೇ ಬೇರೆ. "ಸರ, ನಾ ಜನರಲ್ ಆಗಿ ಹೇಳಿದ್ದೆ. ಕಂಪನಿಯವ್ರನ್ನ ಕೇಳ್ರಿ."

ಕಂಪನಿಯನ್ನ ಕೇಳಿದೆ. ಚಾಟ್‌ನಲ್ಲಿ ಮೊದಲು ಬಂದದ್ದು ಬಾಟ್, ರೀಸ್ಟಾರ್ಟ್ ಮಾಡಿ ನೋಡಿ ಅಂತು. ರೀಸ್ಟಾರ್ಟ್ ಮಾಡಿದರೆ ಸ್ಲಾಟ್ ಹುಟ್ಟುತ್ತಾ? ಆಮೇಲೆ ಇಮೇಲ್ ಬಂತು: "ನಿಮ್ಮ ಸಾಧನವು ವಿನ್ಯಾಸದ ಪ್ರಕಾರವೇ ಕೆಲಸ ಮಾಡುತ್ತಿದೆ." ಅಂಗಡಿಯವರು ಕೊಟ್ಟ ಮಾತಿನ ಬಗ್ಗೆ ಬರೆದೆ. "ಮಾರಾಟಗಾರರ ಹೇಳಿಕೆಗೆ ನಾವು ಹೊಣೆಯಲ್ಲ. ಹೆಚ್ಚಿನ ಮೆಮೊರಿಗಾಗಿ ನಮ್ಮ 16 ಜಿಬಿ ಮಾದರಿಯನ್ನು ಪರಿಗಣಿಸಿ" ಅಂತ ಉತ್ತರ, ಕೆಳಗೆ ಕೊಳ್ಳೋಕೆ ಲಿಂಕ್ ಬೇರೆ! ಈ ಚಿಪ್ ಕೆಟ್ಟರೆ ಏನು ಗತಿ ಅಂತ ಸರ್ವಿಸ್ ಸೆಂಟರಿನಲ್ಲಿ ಕೇಳಿದೆ. ಪೂರಾ ಮದರ್‌ಬೋರ್ಡೇ ಬದಲಿಸಬೇಕಂತೆ. ವಾರಂಟಿ ಮುಗಿದ ಮೇಲಾದರೆ ಲ್ಯಾಪ್‌ಟಾಪಿನ ಅರ್ಧಕ್ಕಿಂತ ಹೆಚ್ಚು ಬೆಲೆ. ಅಷ್ಟರಲ್ಲಿ ನನ್ನ ದೂರು "ಪರಿಹರಿಸಲಾಗಿದೆ" ಅಂತ ಮುಚ್ಚಿ, ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಿ ಅಂತ ಮೆಸೇಜ್. ಮೈ ಉರಿದುಹೋಯ್ತು.

ಬೆಸೆದರೆ ತೆಳ್ಳಗಾಗುತ್ತೆ, ಬ್ಯಾಟರಿ ಹೆಚ್ಚು ಬರುತ್ತೆ ಅಂತಾರೆ. ಇರಬಹುದು. ಆದರೆ ಹೀಗೆ ಬೆಸೆಯೋ ಎಲ್‌ಪಿಡಿಡಿಆರ್ ಜಾತಿಯ ಮೆಮೊರಿಯನ್ನೇ ಬಿಚ್ಚಿ ಬದಲಿಸೋ ಹಾಗೆ ಎಲ್‌ಪಿಕ್ಯಾಮ್2 ಅನ್ನೋ ಮಾಡ್ಯೂಲ್ ಬಂದಿದೆ, 2024ರಲ್ಲೇ ಲ್ಯಾಪ್‌ಟಾಪಿನಲ್ಲಿ ಹಾಕಿ ಮಾರಿದ್ದಾರೆ. ಆಗಲ್ಲ ಅಂತೇನಿಲ್ಲ, ಮಾಡೋ ಮನಸ್ಸಿಲ್ಲ ಅಷ್ಟೆ.

ಸ್ಲಾಟ್ ಇದ್ದವರಾದರೂ ಬಚಾವಾ? ಅದೂ ಇಲ್ಲ. ಜಗತ್ತಿನ ರ‍್ಯಾಮ್ ಚಿಪ್‌ನಲ್ಲಿ ಹೆಚ್ಚುಪಾಲು ತಯಾರಿಸೋದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೇ. ಎಐ ಡೇಟಾ ಸೆಂಟರುಗಳು ಕೇಳಿದಷ್ಟು ಕೊಟ್ಟು ಕೊಳ್ಳುವಾಗ ನಮ್ಮ ನಿಮ್ಮ ಒಂದು ಕಡ್ಡಿ ರ‍್ಯಾಮ್ ಯಾರಿಗೆ ಬೇಕು? 2025ರ ಡಿಸೆಂಬರ್ 3ಕ್ಕೆ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ತೀವಿ ಅಂತ ಘೋಷಿಸಿತು. ಹಳೇ ಲ್ಯಾಪ್‌ಟಾಪಿಗೆ ನಾನು ಹಾಕಿದ್ದ ಕಡ್ಡಿ ಅದೇ. ಗುಜರಾತಿನ ಸಾನಂದದ ಘಟಕಕ್ಕೆ ಇದೇ ಕಂಪನಿಗೆ ನಮ್ಮ ಸರ್ಕಾರದ ಸಹಾಯಧನ ಇದೆ. ತೆರಿಗೆ ನಮ್ಮದು, ಚಿಪ್ ಡೇಟಾ ಸೆಂಟರಿಗೆ.

ಇನ್ನೊಂದು ಮರೆತಿದ್ದೆ. ಸೆಟಪ್ ಮಾಡಿಕೊಟ್ಟ ಅಂಗಡಿ ಹುಡುಗ ತನ್ನದೇ ಇಮೇಲ್ ಹಾಕಿದ್ದ! ಹೊಸ ವಿಂಡೋಸ್ 11 ಮಷೀನುಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ (ಡೇಟಾಕ್ಕೆ ಹಾಕೋ ಬೀಗ) ಸಾಮಾನ್ಯವಾಗಿ ತಾನಾಗೇ ಆನ್ ಆಗುತ್ತೆ, ಅದನ್ನ ತೆರೆಯೋ ರಿಕವರಿ ಕೀ ಆ ಮೈಕ್ರೋಸಾಫ್ಟ್ ಅಕೌಂಟಿಗೇ ಹೋಗಿ ಕೂರುತ್ತೆ. ನಾಳೆ ಬೋರ್ಡ್ ಬದಲಿಸಿದ ಮೇಲೆ ಕೀ ಕೇಳಿದರೆ ಆ ಹುಡುಗನನ್ನ ಎಲ್ಲಿ ಹುಡುಕೋದು? ಸೆಟಪ್ ಮನೇಲೇ ಮಾಡ್ಕೊಳ್ಳಿ.

ಡಬ್ಬದ ಮೇಲೆ ಎಲ್‌ಪಿಡಿಡಿಆರ್ ಅಂತಿದ್ದರೆ ರ‍್ಯಾಮ್ ಬಹುತೇಕ ಬೆಸೆದದ್ದು ಅಂತಲೇ ತಿಳ್ಕೊಳ್ಳಿ, ಬೇಕಾದಷ್ಟು ಮೊದಲೇ ತಗೊಳ್ಳಿ. ಬರೀ ಡಿಡಿಆರ್5 (ಕಡ್ಡಿಯಾಗಿ ಬರಬಹುದಾದ ಜಾತಿ) ಅಂತಿದ್ದರೂ ಖಾಲಿ ಸ್ಲಾಟ್ ಇದೆ ಅಂತ ಬಿಲ್ ಮೇಲೆ ಬರೆಸಿ, ಸೀಲು ಹಾಕಿಸಿ. ನಮ್ಮವರಾದರೂ ಅಷ್ಟೆ. ನಮ್ಮವರಾದರೆ ಎರಡು ಸಲ ಬರೆಸಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಕಂಪನಿಯಿಂದ ಬಂದದ್ದು ಮತ್ತದೇ "ವಿನ್ಯಾಸದ ಪ್ರಕಾರ". ಇನ್ನು ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನಾವಿರೋ ಜಿಲ್ಲೆಯಲ್ಲೇ ಹಾಕಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಡೊಂಬಿವಲಿ ಕಡೆ ಇದೇ ಮಾತು ನಂಬಿ ತಗೊಂಡವರಿದ್ದರೆ ಬಿಲ್ಲಿನ ಫೋಟೋ ಜೊತೆ ನನಗೆ ಮೆಸೇಜ್ ಮಾಡಿ. ಅಂಗಡಿ ಹೆಸರು, ಮಾಡೆಲ್ ನಂಬರ್ ಅಲ್ಲೇ ಹೇಳ್ತೀನಿ.