ಎಸ್‌.ಪಿ. ರಸ್ತೆ ಅಂಗಡಿಯ ಚೀಟಿಯನ್ನು ಈಗ ನಂಬಬಹುದು

ಬೆಂಗಳೂರಿನ ಎಸ್‌.ಪಿ. ರಸ್ತೆಯ ಒಂದು ಚಿಕ್ಕ ಅಂಗಡಿ. ಮೈಕ್ರೋಕಂಟ್ರೋಲರ್ ಬೋರ್ಡ್ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಕಂಪ್ಯೂಟರ್) ಕೊಂಡರೆ ಜೊತೆಗೊಂದು ಮಾಹಿತಿ ಚೀಟಿ ಕೊಡುತ್ತಾರೆ. ಹಳೇ ಚೀಟಿಯಲ್ಲಿ ಆರ್ಡುಯಿನೋ ಊನೋ ಆರ್3 ಬೋರ್ಡಿಗೆ ‘32 ಕೆಬಿ ರ್‍ಯಾಮ್’ ಎಂದಿತ್ತು. ಅದು ಫ್ಲ್ಯಾಶ್, ಅಂದರೆ ಪ್ರೋಗ್ರಾಂ ಉಳಿಯುವ ಜಾಗ! ರ್‍ಯಾಮ್ (ಪ್ರೋಗ್ರಾಂ ಓಡುವಾಗ ಡೇಟಾ ಇಡುವ ಜಾಗ) ಇರುವುದು ಬರೀ 2 ಕೆಬಿ. ಚೀಟಿಯನ್ನೇ ನಂಬಿ ನನ್ನ ಮಗಳು ಪ್ರೋಗ್ರಾಂನ ಒಂದು ಫಂಕ್ಷನ್ ಒಳಗೆ ದೊಡ್ಡ ಅರೇ (ಡೇಟಾ ಪಟ್ಟಿ) ಇಟ್ಟಳು. ಬೋರ್ಡ್ ಪದೇ ಪದೇ ರೀಸೆಟ್ ಆಗಿ ಎರಡು ಸಂಜೆ ಹಾಳಾದವು. ಇಎಸ್‌ಪಿ32 ಎಂಬ ಇನ್ನೊಂದು ಬೋರ್ಡಿನ ಮುಂದೆ ಸುಮ್ನೆ ‘ಎಲ್ಲಕ್ಕಿಂತ ಬೆಸ್ಟ್’ ಅಂತ ಬರೆದಿದ್ದರು. ಯಾವ ಕೆಲಸಕ್ಕೆ ಅಂತ ಹೇಳಬೇಕು ಅಲ್ವಾ? ಅದರ ಪಿನ್ನಿಗೆ ನೇರ 5 ವೋಲ್ಟ್ ಕೊಟ್ಟರೆ ಚಿಪ್ ಕೆಡಬಹುದು.

ಡೇಟಾಶೀಟ್ (ತಯಾರಕರ ತಾಂತ್ರಿಕ ವಿವರದ ಹಾಳೆ) ಒಯ್ದು ತೋರಿಸಿದೆ. ‘ಕೂತ್ಕೊಳ್ಳಿ ಸಾರ್’ ಅಂದ ಮಾಲೀಕರು ಪ್ರತಿ ಸಾಲನ್ನೂ ಕೆಂಪು ಪೆನ್ನಲ್ಲಿ ತಿದ್ದಿದರು. ಹೊಸ ಚೀಟಿಯಲ್ಲಿ ಫ್ಲ್ಯಾಶ್, ರ್‍ಯಾಮ್ ಬೇರೆ ಬೇರೆ ಸಾಲು. ‘ಬೆಸ್ಟ್’ ಇದ್ದ ಜಾಗದಲ್ಲಿ ‘ವೈಫೈ ಇದೆ, ಪಿನ್ನಿಗೆ 3.3 ವೋಲ್ಟ್’. ಅಕ್ಷರ ಮಾತ್ರ ಇನ್ನೂ ತೀರಾ ಚಿಕ್ಕದು.