ಸ್ಟ್ರೇಂಜರ್, ಲೀಗಲ್ ಹೈ, ಅಟಾರ್ನಿ ವೂ, ಅನ್‌ನ್ಯಾಚುರಲ್: ನಾಲ್ಕನ್ನೂ ಅಮ್ಮನ ಜೊತೆ ಕೂತು ನೋಡಿದ್ಮೇಲೆ

ನಾಲ್ಕು ತಿಂಗಳಿಂದ ರಾತ್ರಿ ಊಟ ಆದ್ಮೇಲೆ ನಮ್ಮನೇ ಟೀವೀಲಿ ಕೊರಿಯಾ ಇಲ್ಲಾ ಜಪಾನ್ ಸೀರೀಸ್‌ಗಳ ಕೋರ್ಟು ನಡೀತಿರತ್ತೆ. ಅಮ್ಮಂಗೆ ಇಂಗ್ಲಿಷ್ ಸಬ್‌ಟೈಟಲ್ ಅಷ್ಟು ಬೇಗ ಓದಕ್ಕಾಗಲ್ಲ, ಪಕ್ಕದಲ್ಲಿ ಕೂತು ನಾನೇ ಕನ್ನಡದಲ್ಲಿ ಹೇಳ್ತಾ ಹೋಗ್ಬೇಕು, ಅದ್ರಿಂದ ಒಂದು ಉಪಕಾರ ಆಯ್ತು, ಯಾವ ಕಥೆ ಗಟ್ಟಿ ಯಾವ್ದು ಬರೀ ಬಿಲ್ಡಪ್ಪು ಅಂತ ಬೇಗ ಗೊತ್ತಾಗ್ಬಿಡತ್ತೆ, ಯಾಕಂದ್ರೆ ಟೊಳ್ಳು ಸೀನ್‌ನ ಕನ್ನಡದಲ್ಲಿ ಹೇಳಕ್ಕೆ ಹೋದ್ರೆ ಹೇಳಕ್ಕೇ ಏನೂ ಇರಲ್ಲ. ಅಮ್ಮ ಅಂದ್ರೆ ಸುಮ್ನೆ ಅಲ್ಲ ಮತ್ತೆ, ಟಿ.ಎನ್. ಸೀತಾರಾಮ್ ತಮ್ಮ ಸೀರಿಯಲ್‌ನಲ್ಲಿ ಸಿಎಸ್‌ಪಿ ಅನ್ನೋ ವಕೀಲ ಆಗಿ ಕೋರ್ಟಲ್ಲಿ ವಾದ ಮಾಡ್ತಿದ್ದ ಕಾಲದಲ್ಲಿ ಒಲೆ ಆರಿಸಿ ಬಂದು ಕೂರ್ತಿದ್ದೋಳು.

ಮೊದ್ಲು ಹಾಕಿದ್ದು ಸ್ಟ್ರೇಂಜರ್, 2017ರ ಕೊರಿಯನ್ ಸೀರೀಸ್, 16 ಎಪಿಸೋಡು, ಒಂದೊಂದೂ ಗಂಟೆ ಮೇಲೆ. ಹೀರೋ ಹ್ವಾಂಗ್ ಶಿ-ಮೊಕ್ ಪ್ರಾಸಿಕ್ಯೂಟರ್. ಹತ್ತು ನಿಮಿಷಕ್ಕೇ ಅಮ್ಮ ಕೇಳಿದ್ಲು, "ಇವ್ನು ಪೊಲೀಸಾ ಲಾಯರಾ? ಕೊಲೆ ಆದ ಮನೆಗೆ ಇವ್ನ್ಯಾಕೆ ಹೋಗಿ ನೋಡ್ತಾನೆ?" ನಿಜವಾಗ್ಲೂ ನಂಗೂ ಮೊದ್ಲು ಇದೇ ಡೌಟ್ ಇತ್ತು. ನಮ್ಮಲ್ಲಿ ತನಿಖೆ ಮಾಡೋದು ಪೊಲೀಸು, ಅವ್ರು ಚಾರ್ಜ್‌ಶೀಟ್ ಹಾಕಿದ್ಮೇಲೆ ಸರ್ಕಾರಿ ವಕೀಲರು ಕೋರ್ಟಲ್ಲಿ ನಿಂತು ವಾದ ಮಾಡೋದು. ಕೊರಿಯಾದಲ್ಲಿ ಆಗ ಪ್ರಾಸಿಕ್ಯೂಟರೇ ತನಿಖೆ ಮಾಡ್ಬೋದಿತ್ತು, ಪೊಲೀಸ್‌ಗೆ ಹೀಗ್ ಮಾಡಿ ಹಾಗ್ ಮಾಡಿ ಅಂತ ಆರ್ಡರ್ ಕೊಡ್ಬೋದಿತ್ತು, ಕೇಸ್ ಹಾಕ್ಬೇಕೋ ಬೇಡ್ವೋ ಅನ್ನೋದೂ ಅವ್ರ ಕೈಲೇ. ಇದೊಂದು ತಿಳ್ಕೊಂಡ್ರೆ ಇಡೀ ಸೀರೀಸ್ ಬೇರೆ ಥರ ಕಾಣತ್ತೆ, ಅಷ್ಟು ಪವರ್ ಇರೋ ಆಫೀಸೇ ಕೊಳೆತು ಹೋಗಿದ್ರೆ ಕಳ್ಳನ್ನ ಹಿಡಿಯೋರ್ಯಾರು ಅನ್ನೋದೇ ಇಲ್ಲಿ ಸಸ್ಪೆನ್ಸು.

ಶಿ-ಮೊಕ್‌ಗೆ ಚಿಕ್ಕೋನಿದ್ದಾಗ ಮಿದುಳಿನ ಆಪರೇಷನ್ ಆಗಿ ಭಾವನೆ ಅನ್ನೋದೇ ಹೆಚ್ಚುಕಮ್ಮಿ ಹೋಗ್ಬಿಟ್ಟಿರತ್ತೆ. ಇದನ್ನ ಹೇಳಿದ್ದಕ್ಕೆ ಅಮ್ಮ ಅಂದಿದ್ದು "ನಿಮ್ಮಪ್ಪನೂ ಹಿಂಗೇ, ಆಪರೇಷನ್ ಒಂದು ಆಗಿಲ್ಲ". ಚೋ ಸುಂಗ್-ವೂ ಆ ಮುಖದಲ್ಲಿ ಏನೂ ತೋರಿಸ್ದೇನೇ ಎಲ್ಲಾ ತೋರಿಸ್ತಾನೆ, ಜೊತೆಗೆ ಬೇ ಡೂನಾ ಮಾಡಿರೋ ಪೊಲೀಸಮ್ಮ, ತನಿಖೆ ಮಧ್ಯೆ ಪುಟ್ಟ ಪುಟ್ಟ ಕಾರ್ಟೂನ್ ಬರೀತಾ ಕೂರೋಳು. ಶುರುನಲ್ಲೇ ಒಬ್ಬ ಕೇಬಲ್ ರಿಪೇರಿ ಹುಡುಗನ್ನ ಕೊಲೆ ಕೇಸಲ್ಲಿ ಹಿಡೀತಾರೆ, ಶಿಕ್ಷೆನೂ ಆಗತ್ತೆ, ನಾನಲ್ಲ ನಾನಲ್ಲ ಅಂತ ಹೇಳ್ತಾನೇ ಅವ್ನು ಜೈಲಲ್ಲಿ ಪ್ರಾಣ ಬಿಡ್ತಾನೆ, ಅವನನ್ನ ಒಳಗೆ ಹಾಕ್ಸಿದ್ದು ನಮ್ಮ ಹೀರೋನೇ. ಅಲ್ಲಿಂದ ಅಮ್ಮ ಒಂದಿನಾನೂ ಮಧ್ಯದಲ್ಲಿ ಎದ್ದು ಹೋಗಿಲ್ಲ. ಹೆಸರುಗಳದ್ದೇ ಗೋಳು, ನಾವು ಎಲ್ರಿಗೂ ಅಡ್ಡಹೆಸರು ಇಟ್ಕೊಂಡ್ವಿ, ಬೋಳು, ಕನ್ನಡಕ, ನರಿ ಅಂತೆಲ್ಲ.

ಇದಾದ್ಮೇಲೆ ಲೀಗಲ್ ಹೈ, ಜಪಾನಿಂದು, 2012, 11 ಎಪಿಸೋಡು. ಸ್ಟ್ರೇಂಜರ್‌ಗೆ ಪೂರ್ತಿ ಉಲ್ಟಾ. ಅಲ್ಲಿ ಹೀರೋ ಮುಖ ಅಲ್ಲಾಡ್ಸಲ್ಲ, ಇಲ್ಲಿ ಸಕಾಯ್ ಮಸಾಟೊ ಮಾಡಿರೋ ಕೊಮಿಕಾಡೊ ಅನ್ನೋ ವಕೀಲ ಒಂದ್ ನಿಮಿಷ ಸುಮ್ನಿರಲ್ಲ, ಕಿರುಚ್ತಾನೆ ಕುಣೀತಾನೆ, ಒಂದ್ ಕೇಸೂ ಸೋತಿಲ್ಲ, ಫೀಸು ಮಾತ್ರ ಕಣ್ಣು ಬಿಡೋ ಹಂಗೆ. ಮೊದಲ ಎರಡು ಎಪಿಸೋಡು ನಂಗೆ ಓವರ್ ಆಕ್ಟಿಂಗ್ ಅನ್ಸಿ ನಿಲ್ಸೋಣ ಅಂದ್ಕೊಂಡಿದ್ದೆ, ಅಮ್ಮನೇ ಬಿಡ್ಲಿಲ್ಲ, ನಾಟಕದ ಕಂಪನಿ ನೋಡಿ ಬೆಳೆದೋಳಿಗೆ ಅದು ಓವರ್ ಅನ್ಸೋದೇ ಇಲ್ವಂತೆ. ಬಿಡ್ದೇ ಇದ್ದಿದ್ದು ಒಳ್ಳೇದಾಯ್ತು, ಯಾಕಂದ್ರೆ ಒಂಬತ್ತನೇ ಎಪಿಸೋಡಲ್ಲಿ ಕೆಮಿಕಲ್ ಫ್ಯಾಕ್ಟರಿ ಮೇಲೆ ಕೇಸ್ ಹಾಕಿರೋ ಹಳ್ಳಿ ವಯಸ್ಸಾದೋರು ಇರ್ತಾರೆ, ಕಂಪನಿಯೋರು ಬಂದು ನಾಲ್ಕು ಸಿಹಿ ಮಾತಾಡಿದ ಕೂಡ್ಲೇ ಹೋಗ್ಲಿ ಬಿಡಪ್ಪ ಅಂತ ರಾಜಿಗೆ ತಯಾರು. ಆಗ ಕೊಮಿಕಾಡೊ ಅವ್ರನ್ನ ನಿಲ್ಸಿಕೊಂಡು ಬೈಯೋದಿದ್ಯಲ್ಲಾ, ಪುಟಗಟ್ಲೆ ಡೈಲಾಗು, ನಿಮ್ಮ ಈ ಒಳ್ಳೆತನಾನೇ ನಿಮ್ಮನ್ನ ಮುಳುಗಿಸ್ತಿರೋದು ಅನ್ನೋ ಅರ್ಥದಲ್ಲಿ. ಅವ್ನು ಹರಿಹಾಯೋ ಪದ ಕಿಝುನಾ, ಅಂದ್ರೆ ಬಾಂಧವ್ಯ. 2011ರ ಸುನಾಮಿ ಆದ್ಮೇಲೆ ಜಪಾನಲ್ಲಿ ಆ ವರ್ಷದ ಅಕ್ಷರ ಅಂತ ಆರಿಸಿದ್ದು ಇದನ್ನೇ, ಎಲ್ಲಾ ಕಡೆ ಕಿಝುನಾ ಕಿಝುನಾ ಅಂತಿದ್ದಾಗ ಮುಂದಿನ ವರ್ಷಾನೇ ಟೀವೀಲಿ ಒಬ್ಬ ಅದನ್ನ ಹಿಂಗೆ ಕುಟ್ಟಿ ಕೆಡವ್ತಾನೆ ಅಂದ್ರೆ ಧೈರ್ಯ ಬೇಕು. ನಾನು ಹೇಳೋದು ಮುಗಿಯೋ ತನಕ ಅಮ್ಮ ಸುಮ್ನಿದ್ಲು, ಆಮೇಲೆ "ನಮ್ಮೂರ್ ಕೆರೆ ಹೋಗೋವಾಗ ಹಿಂಗೆ ಬೈಯೋನು ಒಬ್ಬ ಇರ್ಬೇಕಿತ್ತು" ಅಂದ್ಲು.

ಜಪಾನ್ ಲೀಗಲ್ ಸೀರೀಸ್‌ಗಳಿಗೆ ಇನ್ನೊಂದು ಹಿನ್ನೆಲೆ ಇದೆ, ಅಲ್ಲಿ ಕ್ರಿಮಿನಲ್ ಕೇಸ್ ಕೋರ್ಟಿಗೆ ಹೋಯ್ತು ಅಂದ್ರೆ ನೂರಕ್ಕೆ 99ಕ್ಕೂ ಮೇಲೆ ಶಿಕ್ಷೆನೇ. 99.9 ಅಂತ ಸೀರೀಸೇ ಇದೆ, 2016ರದ್ದು, ಉಳಿದ 0.1 ಹುಡ್ಕೊಂಡು ಹೋಗೋ ವಕೀಲನ ಕಥೆ. ಐಡಿಯಾ ಸೂಪರ್, ಆದ್ರೆ ಹೀರೋ ಹೊಡಿಯೋ ಪದಚಮತ್ಕಾರದ ಜೋಕು ಸಬ್‌ಟೈಟಲಲ್ಲೇ ಸತ್ತಿರತ್ತೆ, ಕನ್ನಡಕ್ಕೆ ಬರೋ ಹೊತ್ತಿಗೆ ತಿಥಿನೂ ಆಗಿರತ್ತೆ. ಮೂರು ಎಪಿಸೋಡಿಗೆ ನಿಲ್ಸಿದ್ವಿ.

ಅಟಾರ್ನಿ ವೂ ಎಲ್ರಿಗೂ ಗೊತ್ತಿರೋದೇ, ಆಟಿಸಂ ಇರೋ ವಕೀಲೆ ವೂ ಕಥೆ. 2022ರಲ್ಲಿ ಕೊರಿಯಾದ ಒಂದು ಸಣ್ಣ ಚಾನಲ್ಲಲ್ಲಿ 0.9 ಪರ್ಸೆಂಟ್ ರೇಟಿಂಗಲ್ಲಿ ಶುರುವಾಗಿ 17.5ರಲ್ಲಿ ಮುಗಿದಿದ್ದು. ಮೊದಲ ಎಪಿಸೋಡ್ ಕಣ್ಮುಚ್ಚಿ ನೂರಕ್ಕೆ ನೂರು ಕೊಡ್ಬೋದು. ಅಜ್ಜಿ ಒಬ್ಳು ಗಂಡಂಗೆ ಇಸ್ತ್ರಿ ಪೆಟ್ಟಿಗೆಲಿ ಹೊಡ್ದಿರ್ತಾಳೆ, ಹೇಗೋ ಜೈಲಿಲ್ದೆ ಬಿಟ್ರೆ ಸಾಕು ಅಂತ ಸೀನಿಯರ್ ಲೆಕ್ಕ, ಆದ್ರೆ ವೂಗೆ ಹೊಳೆಯೋದು ಕ್ರಿಮಿನಲ್ ಅಲ್ಲ, ಸಿವಿಲ್ ಕಾನೂನು: ಕೊಲೆ ಪ್ರಯತ್ನ ಅಂತ ಆದ್ರೆ ಅಜ್ಜಿಗೆ ಗಂಡನ ಆಸ್ತಿ ಬರಲ್ಲ. ನಮ್ಮ ಹಿಂದೂ ಉತ್ತರಾಧಿಕಾರ ಕಾಯ್ದೆಲೂ ಕೊಲೆ ಮಾಡಿದೋರಿಗೆ ಸತ್ತೋರ ಆಸ್ತಿ ಇಲ್ಲ, ಅಮ್ಮಂಗೆ ಇದು ತಕ್ಷಣ ಅರ್ಥ ಆಯ್ತು, ಆಸ್ತಿ ವಿಷ್ಯ ಅಲ್ವಾ. ನಂಗೆ ಬೇಕಿರೋದು ಇದೇ ಥರದ್ದು, ಕಾನೂನೇ ಕಥೆಯ ಗಂಟು ಆಗಿರ್ಬೇಕು, ಬಿಚ್ಚೋದೂ ಕಾನೂನಿಂದ್ಲೇ ಆಗ್ಬೇಕು. ಹೋಗ್ತಾ ಹೋಗ್ತಾ ವೂ ಅದನ್ನ ಬಿಟ್ಟು ತಾಯಿ ಸೆಂಟಿಮೆಂಟಿಗೆ ಇಳೀತು. ಆಟಿಸಂ ಇರೋರೆಲ್ಲ ಹಿಂಗೆ ಜೀನಿಯಸ್ಸಾ ಅನ್ನೋ ಪ್ರಶ್ನೆ ನಂಗಿತ್ತು, ಮೂರನೇ ಎಪಿಸೋಡು ಅದನ್ನ ತಾನೇ ಎತ್ಕೊಳತ್ತೆ, ಅದಕ್ಕೆ ಮಾತ್ರ ಕೈ ಮುಗೀತೀನಿ. ವೂಗೆ ಏನಾದ್ರೂ ಹೊಳೆದಾಗ ತೆರೆ ಮೇಲೆ ತಿಮಿಂಗಿಲ ಹಾರೋದು ಅಮ್ಮಂಗೆ ಖುಷಿ, ನಂಗೆ ಐದನೇ ಸಲಕ್ಕೆ ಸಾಕಾಯ್ತು.

ಅನ್‌ನ್ಯಾಚುರಲ್ (ಜಪಾನ್, 2018, 10 ಎಪಿಸೋಡು) ಪೋಸ್ಟ್‌ಮಾರ್ಟಮ್ ಮಾಡೋ ಡಾಕ್ಟರ್‌ಗಳದ್ದು, ಲೀಗಲ್ ಅನ್ನೋಕಿಂತ ಮಿಸ್ಟರಿ. ಮೂರನೇದ್ರಲ್ಲಿ ಹೀರೋಯಿನ್ ಸಾಕ್ಷಿ ಕಟ್ಟೆ ಹತ್ತಿದಾಗ ಪ್ರಾಸಿಕ್ಯೂಟರು, ಹೆಂಗಸಲ್ವಾ, ಭಾವುಕರಾಗ್ತಾರೆ ಅನ್ನೋ ಧಾಟೀಲಿ ಮಾತಾಡ್ತಾನೆ, ನಂಗಿಂತ ಜಾಸ್ತಿ ಉರ್ಕೊಂಡಿದ್ದು ಅಮ್ಮ. ವೇಸ್ಟ್ ಸೀನ್ ಒಂದೂ ಇಲ್ಲ. ವಾರಕ್ಕೆ ಎರಡೇ ರಾತ್ರಿ ಟೈಮಿದೆ ಅನ್ನೋರು ಇದನ್ನೇ ಹಾಕಿ, ಸ್ಟ್ರೇಂಜರ್ ಹಂಗೆ ಬಿಟ್ಟು ಬಿಟ್ಟು ನೋಡಿದ್ರೆ ತಲೆಬುಡ ಗೊತ್ತಾಗಲ್ಲ.

ನನ್ನ ಲೆಕ್ಕದಲ್ಲಿ ಸ್ಟ್ರೇಂಜರ್ ಫಸ್ಟು, ಅನ್‌ನ್ಯಾಚುರಲ್ ಕೂದಲೆಳೆ ಹಿಂದೆ. ಅಮ್ಮಂದು ಲೀಗಲ್ ಹೈ, ಅದ್ರಲ್ಲಿ ಎರಡು ಮಾತಿಲ್ಲ, ಈಗ ಮನೇಲಿ ಯಾರ ಮಾತಿಗಾದ್ರೂ "ಇಗಿ ಆರಿ!" ಅಂತಾಳೆ, ಅಬ್ಜೆಕ್ಷನ್ ಅಂತ. ಸ್ಟ್ರೇಂಜರ್ ಸೀಸನ್ 2, 2020ರದ್ದು, ತನಿಖೆ ಅಧಿಕಾರ ಪೊಲೀಸಿಗಾ ಪ್ರಾಸಿಕ್ಯೂಟರಿಗಾ ಅನ್ನೋ ಜಗಳದ ಮೇಲೇ ನಿಂತಿದೆ, ಮೀಟಿಂಗೋ ಮೀಟಿಂಗು, ನಂಗಿಷ್ಟ, ಅಮ್ಮ ಮೂರನೇ ರಾತ್ರಿ ಗೊರಕೆ. ಅದಕ್ಕೇ ನಿಲ್ಸಿ ಲೀಗಲ್ ಹೈ ಎರಡನೇ ಸೀಸನ್ ಹಾಕಿದೀವಿ, ಒಬ್ಬ ಹೆಂಗಸಿನ ಮರಣದಂಡನೆ ಕೇಸಿಂದ ಶುರು, ಒಂದೇ ಎಪಿಸೋಡ್ ಆಗಿರೋದು, ಆ ಹೆಂಗಸು ಕೊಲೆ ಮಾಡಿರಲ್ಲ ಅಂತ ಅಮ್ಮ ಆಗ್ಲೇ ತೀರ್ಪು ಕೊಟ್ಟಾಗಿದೆ.